ಅಂಗಳದ ಕುಣಿ

ಯಂಕವ್ವನ ಮನೆಗೂ ನನ್ನ ಬಾಡಿಗೆ ಕೋಣೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಅದೂ ಮೇಲಿನ ತೊಲೆಯವರೆಗೆ ಮುಟ್ಟದ ಗೋಡೆ. ಅಂಗಳವಂತೂ ಇಬ್ಬರಿಗೂ ಒಂದೇ. ಹೀಗಾಗಿ ಆ ಮನೆಯಲ್ಲಿ ಯಾರು ಎಷ್ಟು ರೊಟ್ಟಿ ಉಂಡರು, ಯಾರು ಸಿಟ್ಟಾಗಿ ಅರ್ಧಕ್ಕೇ ಎದ್ದರು ಎಂಬುದೆಲ್ಲ ನನಗೆ ಬೇಡವೆಂದರೂ ಗೊತ್ತಾಗುತ್ತಿತ್ತು. ಕದ್ದು ಕೇಳಿದೆ ಎಂದು ಯಾರಾದರೂ ಅಂದರೆ ನಾನು ಒಪ್ಪುವವಳಲ್ಲ. ಗೋಡೆ ಕಟ್ಟಿಸಿದವನನ್ನು ಹೋಗಿ ಕೇಳಿ.

ನಾನು ಸುಶೀಲವ್ವ, ಮಾಸೂರಿನವಳು. ಗಂಡ ತೀರಿಕೊಂಡ ಮೇಲೆ ಹಿರೇಬೆಂಡಿಗೇರಿಯ ಬಾಲವಾಡಿಗೆ ಅಕ್ಕೋರಾಗಿ, ಸಣ್ಣ ಮಕ್ಕಳಿಗೆ ಕಲಿಸಲು ಬಂದೆ. ಈಗ ಹೇಳುವುದು ಎಂಬತ್ನಾಲ್ಕರ ಮಾತು.

ಆ ವರ್ಷ ಮುಂಗಾರು ಶುರುವಾಗುವ ಮಿರಗದ ಮಳೆಗೆ ಎಂಟು ದಿನ ಮೊದಲು ಯಂಕವ್ವನ ಸಣ್ಣ ಮಗ ಗಿರಿಯಪ್ಪ ಹಗೇವಿನಲ್ಲಿ ಸತ್ತ. ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಕುಣಿ, ಆಳು ನಿಂತರೂ ತಲೆ ಕಾಣದಷ್ಟು ಆಳ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಬಾಯಿಯ ಕಲ್ಲು ಸರಿಸಿ ಅರ್ಧ ದಿನ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಇದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತಿದ್ದ ಮಾತು. ಗಿರಿಯಪ್ಪನಿಗೆ ಗೊತ್ತಿರಲಿಲ್ಲವೇ?

ಅಣ್ಣ ಮಾರೆಪ್ಪ ಚೀಲ ತರಲು ಚಕ್ಕಡಿ ಹೊಡೆದುಕೊಂಡು ಹೋಗಿದ್ದ. ಮಾರೆಪ್ಪನ ಹೆಂಡತಿ ಮಂಜವ್ವ ಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದಳು. ಹಗೇವಿನ ಬಾಯಿಯ ಹತ್ತಿರ ಇದ್ದವರು ಮೂವರೇ: ಗಿರಿಯಪ್ಪ, ತಾಯಿ ಯಂಕವ್ವ, ಮತ್ತು ಮಾರೆಪ್ಪನ ಐದು ವರ್ಷದ ಮಗಳು ಗುತ್ತೆವ್ವ. ಕಾಕಾನ ಬೆನ್ನು ಬಿಟ್ಟು ಇಳಿಯದ ಕೂಸು ಅದು. ಚಕ್ಕಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ದೀಪ ಇಳಸಲಾರದ ಇಳದಾ. ದುಡುಕಿದಾ ನನ್ನ ಮಗಾ" ಎಂದು ಯಂಕವ್ವ ಎದೆ ಬಡಿದುಕೊಂಡು ಅತ್ತಳು. ಊರೂ ಹಾಗೇ ನಂಬಿತು. ನಾನೂ ನಂಬಿದೆ.

ಅವತ್ತಿನಿಂದ ಗುತ್ತೆವ್ವನ ಮಾತು ನಿಂತಿತು. ಅದಕ್ಕೂ ಮೊದಲು ಬಾಲವಾಡಿಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ನನಗೊಂದು ಕೆಲಸವಾಗಿತ್ತು. ಈಗ ಮುಂದೆ ರೊಟ್ಟಿ ಇಟ್ಟರೆ ಕೈಯಿಂದ ಸರಿಸುತ್ತಿದ್ದಳು; ಅನ್ನದ ಗಂಜಿ ಮಾತ್ರ ಕುಡಿಯುತ್ತಿದ್ದಳು. ಸಂಜೆ ಕಂದೀಲು ಹಚ್ಚಿದರೆ ಮುಖ ನೀಲಿಯಾಗುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದಳು; ರಾತ್ರಿ ಚೀರಿ ಏಳುತ್ತಿದ್ದಳು. ಓಣಿಯ ಶೇಖಸಾಬ ತಾನಾಗಿ ದರ್ಗಾದಿಂದ ತಾಯತ ತಂದು ಕಟ್ಟಿದ, ಪಾಪ, ಒಂದು ಕಪ್ಪು ಚಹಾ ಕೂಡ ಮುಟ್ಟಲಿಲ್ಲ. ಯಂಕವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಾರೆಪ್ಪ ಶಿಗ್ಗಾಂವದಿಂದ ಎರಡು ಬಾಟ್ಲಿ ಟಾನಿಕ್ ತಂದ. ಇಷ್ಟು ಸಾಲದೆಂಬಂತೆ ಮನೆಯವರೆಲ್ಲ ಸೇರಿ ಒಂದು ಸುಳ್ಳನ್ನೂ ಕಟ್ಟಿದರು. "ನಿಮ್ಮ ಕಾಕಾ ಹುಬ್ಬಳ್ಳಿಗೆ ಹೋಗ್ಯಾನವ್ವ, ಬರೂಮುಂದ ಬತ್ತಾಸ ತರ್ತಾನ" ಎಂದರು. ಕಣ್ಣಾರೆ ಕಂಡ ಕೂಸಿಗೆ!

ಆ ಹೊತ್ತಿಗೆ ಹುಬ್ಬಳ್ಳಿಯ ಡಾಕ್ಟರಬಾಯಿಯೊಬ್ಬರು ಪ್ರತಿ ಗುರುವಾರ ಶಿಗ್ಗಾಂವಕ್ಕೆ ಬರತೊಡಗಿದ್ದರು. ಅಂಜಿ ಮಾತು ಬಿಟ್ಟ, ಊಟ ಬಿಟ್ಟ ಸಣ್ಣ ಮಕ್ಕಳನ್ನೂ ಅವರ ತಾಯಿತಂದೆಯರನ್ನೂ ಒಟ್ಟಿಗೆ ಕೂರಿಸಿಕೊಂಡು ನೋಡುವುದು ಅವರ ಪದ್ಧತಿ. ಹಾನಗಲ್ಲು, ಸವಣೂರು, ಹಿರೇಕೆರೂರು ಕಡೆಯ ಅಕ್ಕೋರುಗಳನ್ನೂ ನನ್ನನ್ನೂ ಬದಿಗೆ ಕೂರಿಸಿಕೊಂಡು ಕಲಿಸುತ್ತಿದ್ದರು. ನಾನೇ ಗಂಡಹೆಂಡಿರನ್ನು ಹೊರಡಿಸಿ ಕರೆದುಕೊಂಡು ಹೋದೆ.

"ಗುಳಿಗಿ ಏನ್ ಕೊಡ್ತೀರಿ?" ಎಂದು ಮಾರೆಪ್ಪ ಕೇಳಿದ.

"ಗುಳಿಗಿ ಇಲ್ಲಪಾ."

"ಸೂಜಿ?"

"ಅದೂ ಇಲ್ಲ."

ಮಾರೆಪ್ಪ ನನ್ನ ಮುಖ ನೋಡಿದ. ಬಸ್ ಚಾರ್ಜು ನೀವು ಕೊಡ್ತೀರೇನು ಎಂಬ ನೋಟ ಅದು.

ಡಾಕ್ಟರಬಾಯಿ ಮಂಜವ್ವನಿಗೆ ಹೇಳಿದರು: "ಕೂಸಿಗೆ ಅಂಜಿಕಿ ಬರೂದು ದೀಪ ಹಚ್ಚೂ ಹೊತ್ತಿನಾಗ. ದಿನಾ ಅದ ಹೊತ್ತಿಗೆ ಅರ್ಧ ತಾಸು ಅಕಿ ಜೋಡಿ ನೆಲದಮ್ಯಾಲೆ ಕುಂದ್ರು. ಅಕಿ ಏನು ಆಡ್ತಾಳ ಅದನ್ನ ಆಡು. ನೀನಾಗಿ ಏನೂ ಕೇಳಬ್ಯಾಡ, ಗದರಬ್ಯಾಡ. ಅಕಿ ಮಾಡಿದ್ದನ್ನ ಬಾಯಿಬಿಟ್ಟು ಹೇಳು, ಅಷ್ಟ ಸಾಕು. ಅಳು ಬಂದ್ರ ಅಳು. ಮತ್ತ ಆ ಹುಬ್ಬಳ್ಳಿ ಸುಳ್ಳ ಬಿಡ್ರಿ. ಕಾಕಾ ಸತ್ತಾ ಅಂತ ಹೇಳ್ರಿ."

"ಎಷ್ಟ ದಿನಾ ರೀ?" ಎಂದಳು ಮಂಜವ್ವ.

"ನಾ ಆರು ವಾರ ಬರ್ತೇನಿ. ನೀನು ಮಾತ್ರ ಬಿಡಬ್ಯಾಡ. ನಡುವ ಬಿಟ್ರ ಮೊದಲಿಗಿಂತ ಕೆಡತೈತಿ."

ಅರ್ಧ ತಾಸು. ಹೇಳುವವರಿಗೇನು? ದೀಪ ಹಚ್ಚುವ ಹೊತ್ತೆಂದರೆ ರೊಟ್ಟಿ ಬಡಿಯುವ ಹೊತ್ತು. ಎಮ್ಮೆ ಹಿಂಡುವುದು, ಎತ್ತಿಗೆ ನೀರು ಕುಡಿಸುವುದು, ನೀರಿನ ಕೊಡ ಇಳಿಸುವುದು ಎಲ್ಲ ಆ ಹೊತ್ತಿಗೇ. ಮೊದಲನೆಯ ಸಂಜೆಯೇ ಗೋಡೆಯಾಚೆ ಶುರುವಾಯಿತು.

"ಮಂಜವ್ವಾ, ಒಲಿ ಆರಾಕತ್ತೇತಿ. ಕೂಸಿನ ಮುಂದ ಕುಂತು ಆಟ ಆಡೂ ವಯಸ್ಸೇನ ನಿಂದು?"

"ಡಾಕ್ಟರಬಾಯಿ ಹೇಳ್ಯಾರ್ರೀ ಅತ್ತಿ."

"ಆ ಡಾಕ್ಟರಬಾಯಿ ಬಂದು ರೊಟ್ಟಿ ಬಡೀತಾಳೇನ?"

"ನೀವ ಒಂದ ನಾಕು ಬಡೀರಿ. ಅರ್ಧ ತಾಸಿನ ಮಾತು."

"ಸೊಸಿ ಬಂದಮ್ಯಾಲೂ ನಾನ ಹೊಗಿ ಕುಡೀಬೇಕೇನ? ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತಾರ, ನಿನ್ನ ಕಾಲ ಇಷ್ಟ ಲಗೂ ಬಂತೇನ?"

ಮಂಜವ್ವ ಏಳಲಿಲ್ಲ. ಮರುದಿನದಿಂದ ಮಧ್ಯಾಹ್ನವೇ ರೊಟ್ಟಿ ಬಡಿದಿಟ್ಟಳು. "ಆರಿದ ರೊಟ್ಟಿ ನನ್ನ ಹಲ್ಲಿಗೆ ಹರಿಯಂಗಿಲ್ಲ" ಎಂದು ಯಂಕವ್ವ ತಾಟು ಸರಿಸಿದಳು. ಒಂದು ದಿನ ಮಾರೆಪ್ಪನೇ ಒಲೆಯ ಮುಂದೆ ಕೂತ. ಅವನು ಬಡಿದ ರೊಟ್ಟಿಯನ್ನು ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು ಎಂದು ಓಣಿಯ ಹಾಜರಾಬಿ ನಕ್ಕದ್ದೇ ನಕ್ಕದ್ದು. ಕೊನೆಗೆ ನಾನೇ ಹೋಗಿ ಎರಡು ವಾರ ರೊಟ್ಟಿ ಬಡಿದುಕೊಟ್ಟೆ. ಬಾಲವಾಡಿಯ ಅಕ್ಕೋರು ಪರರ ಮನೆಯ ಒಲೆ ಊದುವುದನ್ನು ನೋಡಿ ಜನ ಏನಾದರೂ ಅನ್ನಲಿ, ನನಗೇನು?

ಆಟವೆಂದರೆ ಏನು ಆಟ! ಗುತ್ತೆವ್ವ ಅಂಗಳದ ಮೂಲೆಯಲ್ಲಿ ಕೊಬ್ಬರಿ ಪರಟೆಯಿಂದ ಮೊಳಕೈ ಮುಳುಗುವಷ್ಟು ಕುಣಿ ತೋಡುತ್ತಿದ್ದಳು. ಆಮೇಲೆ ಒಂದು ಖಾಲಿ ಬೆಂಕಿಪೆಟ್ಟಿಗೆಗೆ ದಾರ ಕಟ್ಟಿ ಇಳಿಸುತ್ತಿದ್ದಳು. ಮೇಲೆ ಎಳೆಯುತ್ತಿದ್ದಳು. ಒಳಗೆ ಇಣುಕುತ್ತಿದ್ದಳು. ತಾಯಿಯ ಮುಖ ನೋಡುತ್ತಿದ್ದಳು. ಮತ್ತೆ ಇಳಿಸುತ್ತಿದ್ದಳು. ದಿನವೂ ಇಷ್ಟೇ, ಇದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ.

"ಇಳಿಸಿದಿ... ಜಗ್ಗಿದಿ... ನೋಡಿದಿ" ಎಂದು ಮಂಜವ್ವ ಹೇಳುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತ. ಮೂರನೆಯ ದಿನ ಧೈರ್ಯ ಮಾಡಿ, "ಕಾಕಾ ಸತ್ತಾ ಗುತ್ತಿ. ಹುಬ್ಬಳ್ಳಿಗೆ ಹೋಗಿಲ್ಲ. ನಾವು ಸುಳ್ಳ ಹೇಳಿದ್ವಿ" ಎಂದಳು. ಕೂಸು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಆ ಸಂಜೆ ಕಂದೀಲು ಹಚ್ಚಿದಾಗ ಉಸಿರು ಬಿಗಿಹಿಡಿಯಲಿಲ್ಲ. ನನಗಾದ ಸಂತೋಷ ಹೇಳತೀರದು.

ಆದರೆ ಯಂಕವ್ವ ಬೆಳಗಿನ ಜಾವ ಎದ್ದು ಅಂಗಳ ಗುಡಿಸಿ, ಕುಣಿಗೆ ಮಣ್ಣು ತುಂಬಿ, ಕಾಲಿನಿಂದ ತುಳಿದು, ಮೇಲೆ ಸಗಣಿ ಸಾರಿಸಿಬಿಡುತ್ತಿದ್ದಳು. ಕುಣಿ ಇತ್ತೆಂಬ ಗುರುತೂ ಉಳಿಯುತ್ತಿರಲಿಲ್ಲ. ಸಂಜೆ ಮೊಮ್ಮಗಳು ತೋಡುವುದು, ಬೆಳಿಗ್ಗೆ ಅಜ್ಜಿ ಮುಚ್ಚುವುದು. ನಾನು ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ.

"ಯಂಕವ್ವಾ, ಕೂಸು ಆಡಿದ ಕುಣಿ ನಿನಗೇನ ಮಾಡೇತಿ?"

"ಮನಿ ಮುಂದ ಕುಣಿ ತೋಡೂದು ಒಳ್ಳೇದೇನ್ರಿ ಅಕ್ಕೋರ? ಒಬ್ಬವ್ನ ಕುಣಿಗೆ ಇಟ್ಟ ಬಂದೇವಿ, ಸಾಲಲಿಲ್ಲೇನ?" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಹಟಮಾರಿ ಮುದುಕಿ ಎಂದುಕೊಂಡೆ. ದೇವರಾಣೆ, ಅಷ್ಟೇ ಅಂದುಕೊಂಡೆ.

ಆರು ವಾರವಾಯಿತು, ಡಾಕ್ಟರಬಾಯಿಯ ಯೋಜನೆ ಮುಗಿಯಿತು. ಕೊನೆಯ ಗುರುವಾರ ಅವರು ನನ್ನ ಕೈ ಹಿಡಿದು, "ನಾವು ಹೋದಮ್ಯಾಲೆ ನಿಂತುಹೋಗೂ ಔಷಧ ಏನ್ ಔಷಧರಿ ಸುಶೀಲವ್ವಾರ? ನೀವು ಇದನ್ನ ನಡಸ್ಕೊಂಡು ಹೋಗ್ರಿ" ಎಂದರು. ಗುತ್ತೆವ್ವ ಇನ್ನೂ ಒಂದು ಮಾತು ಆಡಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ಅಳುವೇ ಬಂತು.

ಅವತ್ತು ರಾತ್ರಿ ಊಟದ ಹೊತ್ತಿಗೆ ಮಾರೆಪ್ಪ ಹೇಳಿದ: "ಡಾಕ್ಟರಬಾಯಿನ ಹೋದ್ರಂದ್ರ ಅಲ್ಲಿಗೆ ಮುಗೀತಲ್ಲ? ನಾಳಿಂದ ನೀ ಒಲಿ ಮುಂದ ಕುಂದ್ರು. ಅವ್ವ ಸರಿಯಾಗಿ ಉಂಡು ತಿಂಗಳಾತು."

"ನಾ ಬಿಡೂದಿಲ್ಲರಿ."

"ಏನ್ ಆಗೇತಿ ಹೇಳ ಮತ್ತ? ಆರು ವಾರ ಕುಂತಿ. ಮಾತು ಬಂತೇನ? ರೊಟ್ಟಿ ತಿಂದಳೇನ?"

"ದೀಪಕ್ಕ ಅಂಜೂದು ಬಿಟ್ಟಾಳ. ರಾತ್ರಿ ಚೀರೂದು ಬಿಟ್ಟಾಳ. ನೀವು ಹೊಲದಾಗ ಬಿತ್ತಿ ಮರುದಿನ ಕೆದರಿ ನೋಡ್ತೀರೇನ?"

ಮಾರೆಪ್ಪ ರೊಟ್ಟಿ ಮುರಿಯತೊಡಗಿದ. ಯಂಕವ್ವ ಮಾತ್ರ ದೊಡ್ಡ ದನಿಯಲ್ಲಿ, "ಆ ಸುದ್ದಿ ಈ ಮನ್ಯಾಗ ಎತ್ತಬ್ಯಾಡ್ರಿ ಅಂದ್ನಿ! ಕುಣಿ ಅಂತ, ದೀಪ ಅಂತ! ಸತ್ತಾವ ಸತ್ತಾ, ಬಿಡ್ರಿನ್ನ!" ಎಂದು ಕೂಗಿ, ಉಣ್ಣದೆ ಎದ್ದು ಕಟ್ಟೆಯ ಮೇಲೆ ಹೋಗಿ ಮಲಗಿದಳು.

ಮಂಜವ್ವ ಬಿಡಲಿಲ್ಲ. ಶ್ರಾವಣ ಬಂತು. ಪಂಚಮಿಗೆ ಕರೆಯಲು ಸವಣೂರಿನಿಂದ ಅಣ್ಣ ಬಂದರೂ ತವರಿಗೆ ಹೋಗಲಿಲ್ಲ. ಅಂಗಳದ ಕುಣಿ ಅಲ್ಲಿಗೆ ಬರುವುದಿಲ್ಲವಲ್ಲ! ಪಂಚಮಿಯಾದ ನಾಲ್ಕನೆಯ ದಿನ ಅವಳಿಗೆ ಚಳಿಜ್ವರ ಹತ್ತಿತು. ಎರಡು ಕೌದಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿದ್ದವು. ನಾನು ಗಂಜಿ ಕಾಸಿ ತಂದು ಅವಳ ತಲೆಯ ಹತ್ತಿರ ಕೂತಿದ್ದೆ. ಯಂಕವ್ವ ಒಲೆಯ ಮುಂದೆ ಇದ್ದಳು. ಹೊರಗೆ ಹೊತ್ತು ಮುಳುಗುತ್ತಿತ್ತು.

ಗುತ್ತೆವ್ವ ಬಾಗಿಲಿಗೆ ಬಂದು ತಾಯಿಯನ್ನು ನೋಡಿದಳು. ಮಂಜವ್ವ ಏಳಲು ಹೋಗಿ ಆಗದೆ ಬಿದ್ದಳು. "ಅಕ್ಕೋರ, ಒಂದ ದಿನಾನೂ ತಪ್ಪಿಲ್ಲರಿ, ನೀವರ ಹೋಗ್ರಿ" ಎಂದಳು. ನಾನು ಎದ್ದೆ. ಆದರೆ ಕೂಸು ನನ್ನನ್ನು ದಾಟಿ ಒಲೆಯ ಹತ್ತಿರ ಹೋಗಿ ಅಜ್ಜಿಯ ಸೆರಗು ಹಿಡಿದು ಜಗ್ಗಿತು.

"ಬಿಡ ನನ್ನ. ರೊಟ್ಟಿ ಹತ್ತತೈತಿ."

ಮತ್ತೆ ಜಗ್ಗಿತು.

ಯಂಕವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಹೋದಳು. ಬಾಗಿಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಕೂಸು ಆಗಲೇ ತೋಡಿಟ್ಟಿದ್ದ ಕುಣಿಯ ಪಕ್ಕದಲ್ಲಿ ಮುದುಕಿ ಕಾಲು ಮಡಚಿ ಕೂತಳು. ಗುತ್ತೆವ್ವ ಬೆಂಕಿಪೆಟ್ಟಿಗೆ ಇಳಿಸಿದಳು. ಮೇಲೆ ಎಳೆದಳು. ಒಳಗೆ ಇಣುಕಿದಳು. ಅಜ್ಜಿಯ ಮುಖ ನೋಡಿದಳು. ಯಂಕವ್ವ ಬೇರೆ ಕಡೆ ನೋಡಿದಳು. ಕೂಸು ಎರಡನೆಯ ಸಲ ಇಳಿಸಿತು, ಎಳೆಯಿತು, ಆ ಪೆಟ್ಟಿಗೆಯನ್ನು ಅಜ್ಜಿಯ ಹಿಟ್ಟಿನ ಕೈಯಲ್ಲಿಟ್ಟು ಕಾಯುತ್ತ ನಿಂತಿತು.

ಎತ್ತು ಹಿಡಿದುಕೊಂಡು ಬಂದ ಮಾರೆಪ್ಪ ಅಂಗಳದ ತುದಿಗೆ ನಿಂತಿದ್ದ. ಯಂಕವ್ವ ಅವನನ್ನು ನೋಡಿರಲಿಲ್ಲ.

"ಆರೇತಿ" ಎಂದಳು ಯಂಕವ್ವ.

ಕೂಸು ಅಲುಗಲಿಲ್ಲ.

"ದೀಪ ಆರಿತ್ತು. ನೀ ಹೇಳಿದ್ದಿ ನನ್ನವ್ವಾ. ಎರಡ ಸಲ ಹೇಳಿದ್ದಿ. ಆರೇತಿ ಆಯಿ, ಆರೇತಿ ಆಯಿ ಅಂದಿ. ಗಿರಿಯ ನಿಂತಿದ್ದಾ. ತಡಿಯೋಣ ಬೇ ಅಂದಾ. ಮ್ಯಾಲೆ ಮ್ವಾಡ ಕವದಿತ್ತು. ಜ್ವಾಳ ತೊಯ್ತಾವು ಅಂತ ನಾನ... ಗಾಳಿಗೆ ಆರೇತಿ, ಸಣ್ಣ ಕೂಸಿನ ಮಾತ ಏನ ಕೇಳ್ತಿ, ಲಗೂನ ಇಳಿ ಅಂದ್ನಿ. ನಾನ ಅಂದ್ನಿ. ಅವಾ ದುಡುಕಲಿಲ್ಲ. ನಾನ ಕೊಂದ್ನಿ ನನ್ನ ಮಗನ್ನ. ಆಮ್ಯಾಲೆ ಊರ ಮುಂದ ತಪ್ಪ ಅವನ ತೆಲಿಮ್ಯಾಲ ಹಾಕಿದ್ನಿ."

ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡಳು. ಗುತ್ತೆವ್ವ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಎರಡು ತಿಂಗಳಿನಿಂದ ಕೇಳದ ದನಿ ಕೇಳಿತು, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ.

"ನಾ ಹೇಳಿದ್ನಲ್ಲಾ ಆಯಿ."

"ಹೇಳಿದ್ದಿ, ನನ್ನ ಬಂಗಾರಾ. ಹೇಳಿದ್ದಿ."

"ಹೇಳಿದ್ರೂ ಕಾಕಾ ಸತ್ತಾ."

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಒಳಗೆ ಮಂಜವ್ವ ಅತ್ತಳು. ನಾನೂ ಅತ್ತೆ. ಒಲೆಯ ಮೇಲಿನ ರೊಟ್ಟಿ ಕರ್ರಗೆ ಸುಟ್ಟುಹೋಯಿತು. ಹೇಳಿದರೂ ಯಾರೂ ಕೇಳಲಿಲ್ಲ ಎಂದಮೇಲೆ ಆ ಕೂಸು ಮತ್ತೇಕೆ ಮಾತಾಡಬೇಕು? ಆರು ವಾರ ಪಕ್ಕದಲ್ಲಿ ಕೂತು ಕಲಿತ ನನಗೆ ಇಷ್ಟು ಹೊಳೆದಿರಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಮಾರೆಪ್ಪ ತಾಯಿಯ ಜೊತೆ ಮಾತು ಬಿಟ್ಟ. ಅವಳು ನೀಡಿದ ರೊಟ್ಟಿ ಮುಟ್ಟುತ್ತಿರಲಿಲ್ಲ. ಹೊಲದಿಂದ ಬಂದವನೇ ಕೊಟ್ಟಿಗೆಗೆ ಹೋಗಿ ಎತ್ತಿನ ಪಕ್ಕದಲ್ಲಿ ಮಲಗುತ್ತಿದ್ದ. ಯಂಕವ್ವನೂ ಊಟ ಬಿಟ್ಟು ಬಡಕಲಾದಳು. ಗುತ್ತೆವ್ವನ ಬಾಯಿ ತೆರೆಯಿತು ಎನ್ನುವಷ್ಟರಲ್ಲಿ ಅಜ್ಜಿ, ಅಪ್ಪ ಬಾಯಿ ಮುಚ್ಚಿಕೊಂಡರು. ಹನ್ನೊಂದನೆಯ ದಿನ ಜ್ವರದಿಂದ ಎದ್ದ ಮಂಜವ್ವ ಕೊಟ್ಟಿಗೆಗೇ ಹೋಗಿ ಕೇಳಿದಳು. ಅದೂ ಗೋಡೆಯ ಮೇಲಿನಿಂದ ನನಗೆ ಬಂತು.

"ಎಷ್ಟ ದಿನಾ ರೀ ಹಿಂಗ?"

"ಅಕಿ ಮಾಡಿದ್ದು ಸಣ್ಣ ತಪ್ಪೇನ? ನನ್ನ ತಮ್ಮರಿ ಅವಾ..."

"ನನಗ ಯಾಕ 'ರಿ' ಹಚ್ಚಿ ಮಾತಾಡ್ತೀರಿ? ಹೆಂಡ್ತಿ ಅದೇನಿ. ತಮ್ಮ ಹೋದಾಗಿನಿಂದ ನೀವು ಒಂದ ಸಲಾನೂ ಅತ್ತಿಲ್ಲ. ಈಗ ಮಂದಿ ಜೋಡಿ ಮಾತಾಡಿದಂಗ ನನ್ನ ಜೋಡಿ ಮಾತಾಡ್ತೀರಿ."

ಅವನು ಎತ್ತಿಗೆ ಮೇವು ಸರಿಸಿದ ಸದ್ದು ಬಂತು.

"ಕೂಸಿನ ಜೋಡಿ ನಾ ದಿನಾ ಕುಂತೇನಿ. ನಿಮ್ಮವ್ವನ ಜೋಡಿ ನೀವು ಅರ್ಧ ತಾಸು ಕುಂದರ್ರಿ. ಮಾತಾಡಬ್ಯಾಡ್ರಿ ಬೇಕಾದ್ರ. ಬೈಯಬೇಕನಿಸಿದ್ರ ಬೈರಿ. ಎದ್ದ ಮಾತ್ರ ಹೋಗಬ್ಯಾಡ್ರಿ."

ಮರುದಿನ ಸಂಜೆ ಕಟ್ಟೆಯ ಈ ತುದಿಗೆ ಯಂಕವ್ವ, ಆ ತುದಿಗೆ ಮಾರೆಪ್ಪ. ಇಬ್ಬರೂ ಅಂಗಳ ನೋಡುತ್ತ ಕೂತರು. ಮೊದಲ ಮೂರು ದಿನ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕನೆಯ ದಿನ ಮಾರೆಪ್ಪ ಬೈದ, ಬಾಯಿಗೆ ಬಂದಂತೆ ಬೈದ. ಯಂಕವ್ವ, "ಅನ್ನಪಾ, ಇನ್ನೂ ಅನ್ನು" ಎಂದು ಕೇಳಿಸಿಕೊಂಡಳು. ಐದನೆಯ ದಿನ ಅವನು ಸಣ್ಣ ಹುಡುಗನ ಹಾಗೆ ತಾಯಿಯ ಮಡಿಲಲ್ಲಿ ಬಿದ್ದು ಅತ್ತ. ಆ ರಾತ್ರಿ ಎಲ್ಲರೂ ಒಟ್ಟಿಗೆ ಉಂಡರು. ಗುತ್ತೆವ್ವ ಕಾಲು ರೊಟ್ಟಿ ಮುರಿದು ಬಾಯಿಗಿಟ್ಟು, "ಸುಟ್ಟೇತಿ ಇದು" ಎಂದಳು. "ಹೌದವ್ವಾ, ಸುಟ್ಟೇತಿ, ಬ್ಯಾರೇದ ಕೊಡ್ತೇನಿ" ಎಂದು ಯಂಕವ್ವ ಲಗುಬಗೆಯಿಂದ ಎದ್ದಳು.

ಅಂದಿನಿಂದ ಯಂಕವ್ವ ಕುಣಿ ಮುಚ್ಚಲಿಲ್ಲ. ಅದರ ಸುತ್ತ ಬಿಟ್ಟು ಅಂಗಳ ಸಾರಿಸುತ್ತಿದ್ದಳು. ಬರುಬರುತ್ತ ಗುತ್ತೆವ್ವ ಅದರಲ್ಲಿ ಮಣ್ಣಿನ ಗೊಂಬೆ ಮಲಗಿಸಿದಳು, ಹೂ ಹಾಕಿದಳು, ಆಮೇಲೆ ಒಂದು ದಿನ ತಾನೇ ಮುಚ್ಚಿ ಮೇಲೆ ಚೆಂಡುಹೂವಿನ ಸಸಿ ನೆಟ್ಟಳು. ಮಾಘ ಮಾಸದಲ್ಲಿ ಹಾಜರಾಬಿಯ ಮಗಳು ಸವಣೂರಿನಿಂದ ತನ್ನ ಕೂಸನ್ನು ಕರೆತಂದಳು. ಲಾರಿ ಬಡಿದದ್ದನ್ನು ಕಂಡು ನಿದ್ದೆ ಬಿಟ್ಟಿದ್ದ ಕೂಸು ಅದು. ನಾನು ಹೇಳಿಕೊಟ್ಟೆ. ಆದರೆ ಮೂರನೆಯ ದಿನಕ್ಕೇ ಆ ತಾಯಿ, "ಅಡಗಿ ಆಗಿಲ್ಲ" ಎಂದು ಏಳಲು ಹೋದಾಗ ಆಚೆ ಕಟ್ಟೆಯಿಂದ ಯಂಕವ್ವನ ದನಿ ಬಂತು.

"ಅರ್ಧ ತಾಸು ಆಗಿಲ್ಲಿನ್ನ! ಕುಂದ್ರ ಸುಮ್ನ. ನಿಮ್ಮನಿ ರೊಟ್ಟಿ ನಾ ಬಡೀತೇನಿ."

ಡಾಕ್ಟರಬಾಯಿಗೆ ನಾನು ಕಾರ್ಡು ಬರೆದೆ. "ನಡೆದಿದೆ" ಎಂದಷ್ಟೇ ಬರೆದೆ.

ಎಂಬತ್ತೈದರ ಬೇಸಿಗೆ ಕೊನೆಗೆ ಅವರು ಎರಡನೆಯ ಹಗೇವು ತೆರೆದರು. ಯಂಕವ್ವ ವರ್ಷದ ಮೇಲೆ ಮೊದಲ ಸಲ ಆ ಕಡೆ ಬಂದಿದ್ದಳು. ನಾನೂ ಹೋಗಿದ್ದೆ. ಕಂದೀಲು ತಾನೇ ಇಳಿಸುತ್ತೇನೆಂದು ಗುತ್ತೆವ್ವ ಹಟ ಹಿಡಿದಳು. ಮಾರೆಪ್ಪ ಬೇಡವೆಂದ. "ಹಗ್ಗ ಕೊಡ್ರಿ ಅಕಿ ಕೈಯಾಗ. ನಾ ಹಿಂದ ಹಿಡ್ಕೊಂಡಿರ್ತೇನಿ" ಎಂದಳು ಮಂಜವ್ವ.

ಬೆಳಿಗ್ಗೆ ಕಲ್ಲು ಸರಿಸಿ ಮಧ್ಯಾಹ್ನದವರೆಗೆ ಬಿಟ್ಟಿದ್ದರು. ಜೋಳ ಒಯ್ಯಲು ಬಂದಿದ್ದ ಚಕ್ಕಡಿಯ ಅಲ್ಲಾಭಕ್ಷ ಮೇಲೆ ನೋಡುತ್ತ ಅವಸರ ಮಾಡುತ್ತಿದ್ದ. ಪಡುವಣದಲ್ಲಿ ಮೋಡ ಏರಿತ್ತು. ಕಂದೀಲು ಇಳಿಯಿತು. ಗುತ್ತೆವ್ವ ಬಗ್ಗಿ ನೋಡಿದಳು. ಹಗ್ಗ ಎಳೆದಳು.

"ಆರೇತಿ" ಎಂದಳು.

"ಗಾಳಿಗೆ ಆರಿರಬೇಕ ಬಿಡವ್ವಾ" ಎಂದ ಅಲ್ಲಾಭಕ್ಷ. ಪಾಪ, ಅವನಿಗೇನು ಗೊತ್ತು? ಮಾರೆಪ್ಪನ ಮುಖ ಬಿಳುಪಾಯಿತು.

ಯಂಕವ್ವ ಮುಂದೆ ಬಂದು ಹಗೇವಿನ ಬಾಯಿಯ ಎದುರಿಗೆ ನೆಲದ ಮೇಲೆ ಕೂತಳು.

"ನನ್ನ ಮೊಮ್ಮಗಳು ಆರೇತಿ ಅಂದಾಳ. ಯಾರೂ ಇಳಿಯಂಗಿಲ್ಲ."

"ಮಳಿ ಬರ್ತೈತಿ ಯಂಕವ್ವಾ, ಜ್ವಾಳ ತೊಯ್ತಾವು!"

"ತೊಯ್ಲಿ."

ಮಳೆ ಬಂತು. ಬಾಯಿಗೆ ತಾಡಪತ್ರಿ ಮುಚ್ಚಿ, ಸುತ್ತ ಮಣ್ಣಿನ ಒಡ್ಡು ಹಾಕಿ, ಎಲ್ಲರೂ ತೊಯ್ಯುತ್ತ ಮನೆಗೆ ಬಂದೆವು. ಒಂದಷ್ಟು ಜೋಳ ಮುಗ್ಗಿತು. ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮೂರನೆಯ ದಿನ ಬಿಸಿಲು ಬಿದ್ದ ಮೇಲೆ ಮತ್ತೆ ಹೋಗಿ, ತಾಡಪತ್ರಿ ತೆಗೆದು ಅರ್ಧ ದಿನ ಬಿಟ್ಟೆವು. ಕಂದೀಲು ಇಳಿಯಿತು, ಮೇಲೆ ಬಂತು. ಗುತ್ತೆವ್ವ ಬಾಯಿ ತೆರೆಯುವ ಮೊದಲು ಅಜ್ಜಿಯ ಮುಖ ನೋಡಿದಳು.

"ನನ್ನ ಯಾಕ ನೋಡ್ತಿ? ದೀಪ ನಿನ್ನ ಕೈಯಾಗ ಐತಿ. ನೀ ಹೇಳು."

"ಉರಿಯಾಕತ್ತೇತಿ ಆಯಿ."

ಯಂಕವ್ವ ಮಗನ ಕಡೆ ತಿರುಗಿದಳು. "ಕೇಳಿದೇನಪಾ? ಈಗ ಇಳಿ" ಎಂದಳು. ಮಾರೆಪ್ಪ ಇಳಿದ.